ಎಣ್ಣೆಗೆ ನಿಲ್ಲದ ಹಡಗು

ಬೆಳಿಗ್ಗೆ ಹನ್ನೊಂದೂಕಾಲು. ಹಡಗಿನ ಕೆಲಸಗಾರರ ವೈದ್ಯಕೀಯ ತಪಾಸಣೆಗೆ ಕಾಯುವ ಕೊಠಡಿಯಲ್ಲಿ, ಹದಿನಾಲ್ಕನೇ ಟೋಕನ್ ಹಿಡಿದ ಎಂಜಿನ್ ಮೆಕ್ಯಾನಿಕ್ ಒಬ್ಬರು ಹೆಂಡತಿಯ ಜೊತೆ ನನ್ನ ಪಕ್ಕದಲ್ಲಿ ಕುಳಿತಿದ್ದರು. ಅಣುಶಕ್ತಿಯಿಂದ ಓಡುವ ಹೊಸ ಸರಕು ಹಡಗಿನ ಕೆಲಸಕ್ಕೆ ಅವರು ಅರ್ಜಿ ಹಾಕಿದ್ದರು.

“ಇನ್ಮೇಲೆ ಕತ್ತಲಲ್ಲಿ ಹೊಳೀತೀರೇನ್ರೀ? ಕರೆಂಟ್ ಹೋದಾಗ ಅನುಕೂಲ,” ಎಂದರು ಹೆಂಡತಿ.

“ಆ ಅಣು ಒಲೆ ಹತ್ರ ಯಾರು ಬಿಡ್ತಾರೆ? ಸುತ್ತ ಉಕ್ಕು, ಸೀಸದ ಗೋಡೆ.”

“ಮನೆ ಒಲೆ ಹತ್ರಾನೂ ನೀವು ಹೋದವರಲ್ಲ. ಅಭ್ಯಾಸ ಇದೆ ಬಿಡಿ.”

“ಒಂದ್ಸಲ ಇಂಧನ ತುಂಬಿದ್ರೆ ಐದು ವರ್ಷ ಓಡುತ್ತೆ ಕಣೇ. ಎಣ್ಣೆ ಒಂದು ತೊಟ್ಟೂ ಬೇಡ.”

“ಈಗಿನ ಹಡಗು ನಮ್ಮ ಬಂದರಿಗೆ ಯಾಕೆ ಬರುತ್ತೆ?”

ಮೆಕ್ಯಾನಿಕ್ ಟೋಕನ್ ತಿರುಗಿಸಿ ನೋಡಿದರು. “ಎಣ್ಣೆ ತುಂಬಿಸೋಕೆ.”

“ಆರು ವಾರಕ್ಕೊಂದ್ಸಲ, ಹತ್ತು ಗಂಟೆ ಹೊತ್ತು. ಅದ್ರಲ್ಲಿ ನೀವು ನಿದ್ದೆ ಮಾಡೋದೇ ಆರು ಗಂಟೆ. ಹೊಸ ಹಡಗಿಗೆ ಇಲ್ಲೇನು ಕೆಲಸ?”

“ನನ್ನ ಗೊರಕೆ ಕಾಟ ತಪ್ಪುತ್ತೆ ನಿಂಗೆ.”

“ತಪ್ಪಲಿ ಅಂತ ನಾನ್ಯಾವತ್ತು ಹೇಳ್ದೆ?”

“ಬಂದಾಗೆಲ್ಲಾ ಹೇಳ್ತೀಯ.”

“ಹೇಳೋಕಾದ್ರೂ ನೀವು ಬರ್ಬೇಕಲ್ಲ.”

ಒಳಗಿನಿಂದ ಹದಿನಾಲ್ಕನೇ ನಂಬರ್ ಕೂಗಿದರು. ಮೆಕ್ಯಾನಿಕ್ ಎದ್ದರು, ವೈದ್ಯರ ಕೋಣೆಗೆ ಹೋಗದೆ ಗುಮಾಸ್ತರ ಮೇಜಿಗೆ ಹೋಗಿ, ಅರ್ಜಿಯನ್ನು ಎಷ್ಟು ಹೊತ್ತು ತಡೆದಿಡಬಹುದು ಎಂದು ಕೇಳಿದರು. ನಾಲ್ಕು ಗಂಟೆಯವರೆಗೆ ಎಂದು ಉತ್ತರ ಬಂತು. ಇಬ್ಬರೂ ಊಟಕ್ಕೆಂದು ಹೊರಗೆ ಹೋದರು.

ನನ್ನದು ನಲವತ್ತೊಂದನೇ ಟೋಕನ್. ತಪಾಸಣೆ ಮುಗಿಸಿ ಹೊರಬಂದಾಗ ನಾಲ್ಕೂವರೆ. ಮೆಕ್ಯಾನಿಕ್‌ರ ಅರ್ಜಿ ಗುಮಾಸ್ತರ ಮೇಜಿನ ಮೇಲೇ ಇತ್ತು; ಊಟಕ್ಕೆ ಹೋದ ಇಬ್ಬರೂ ಮರಳಿ ಬಂದಿರಲಿಲ್ಲ.