ಸೊಸೆಯ ಬಕೆಟ್ಟಿನಲ್ಲಿ ಆಫ್ರಿಕಾದ ಪರ್ಚ್

ಮಾನ್ಯ ವಾಚಕ ಮಹಾಶಯರೇ, ಬಿಸಿಲಿಗಂಜಿ ಅಕ್ವೇರಿಯಂ ಅಂಗಡಿ ಹೊಕ್ಕ ಅಲೆಮಾರಿಯೊಬ್ಬನ ಕಿವಿಗೆ ಬಿದ್ದ ಸಂಭಾಷಣೆಯಿದು. ಬಕೆಟ್ ಹೊತ್ತು ಬಂದ ಸೊಸೆಯೊಬ್ಬಳು ಅಂಗಡಿಯವನನ್ನು ದಬಾಯಿಸುತ್ತಿದ್ದಳು.

“ಬೆರಳುದ್ದದ ಮರಿ ಕೊಟ್ರಲ್ಲಾ, ಇದ್ಯಾವ ಜಾತಿ ರಾಕ್ಷಸ?”

“ದುಂಡು ಬಾಲ, ಹಳದಿ ಉಂಗುರದ ಕಣ್ಣು... ಅಯ್ಯೋ ಅಕ್ಕಾ, ಆಫ್ರಿಕಾದ ದೊಡ್ಡ ಪರ್ಚ್, ಮೀನು ತಿನ್ನೋ ಮೀನು! ಮರಿಯ ಮೈತುಂಬ ಮಚ್ಚೆಯಿತ್ತು, ಬೇರೆ ಮೀನು ಅಂದ್ಕೊಂಡೆ.”

“ಅತ್ತೆ ಸಾಕಿದ ಗೋಲ್ಡ್‌ಫಿಶ್ ಅಷ್ಟನ್ನೂ ನುಂಗಿದೆ. ಸಂಜೆ ಅವರು ಊರಿಂದ ಬರ್ತಾರೆ!”

“ಇನ್ನೂ ಬೆಳೆಯುತ್ತೆ, ನಿಮ್ಮ ಯಜಮಾನರಷ್ಟು.”

“ಅವರನ್ನೇ ಸಾಕೋಕಾಗ್ತಿಲ್ಲ. ವಾಪಸ್ ತಗೊಳ್ಳಿ.”

“ನನ್ನ ತೊಟ್ಟೀಲಿ ಬಿಟ್ರೆ ಅಂಗಡಿಯೇ ಖಾಲಿ!”

ಸೊಸೆ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

“ಹೋಗ್ಲಿ ಬಿಡಿ. ‘ಅತ್ತೆ, ನಿಮ್ಮ ಮೀನು ಒಂದೂ ಕಳೆದಿಲ್ಲ, ಎಲ್ಲಾ ಒಂದೇ ಕಡೆ ಇವೆ’ ಅಂತೀನಿ.”

ಬಕೆಟ್ ಬಾಗಿಲು ದಾಟಿತು. ಅತ್ತೆಯ ಮುಖ ನೋಡುವ ಆಸೆಯನ್ನೂ ಚೀಲದಲ್ಲಿ ಗಂಟುಕಟ್ಟಿಕೊಂಡು, ಅಲೆಮಾರಿ ತನ್ನ ದಾರಿ ಹಿಡಿದನು.