ಪುಡಿ ಎಬ್ಬಿಸಿದ ಜೀನುಗಳು

"ಹಲೋ... ಹಾಂ, ಯಾರು ಮಾತಾಡೋದು?... ಓ, ನೀನಾ. ಹೊಸ ನಂಬರಾ? ಹಳೇದಕ್ಕೆ ಗಿರಾಕಿಗಳ ಕಾಟ ಜಾಸ್ತಿ ಆಯ್ತೇನೋ."

ಅಕ್ಕ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕೈಗವಸು ಕಳಚಿದಳು. ಅವಳು ಜೀವವಿಜ್ಞಾನಿ. ಆ ಕಡೆ ಇದ್ದವನು ತಮ್ಮ, ಯೌವನದ ಪುಡಿ ಮಾರುವವನು.

"... ನೋಡ್ದೆ. ನನ್ನ ಸಂಶೋಧನೆ ನಿನ್ನ ಡಬ್ಬಿ ಮೇಲೆ ಕೂತಿದೆ. ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲ, ಅಲ್ವಾ?... ಟ್ರಾನ್ಸ್‌ಕ್ರಿಪ್ಟೋಮ್ ಅಂತ ಅಚ್ಚು ಹಾಕ್ಸಿದೀಯಲ್ಲ, ಒಂದ್ಸಲ ತೊದಲದೆ ಹೇಳು ನೋಡಣ... ಬಿಡು, ನಾಲಿಗೆ ಉಳುಕೀತು. ನೀನು ಜೀನ್ಸ್ ಅನ್ನೋ ಮಾತು ಕಲ್ತಿದ್ದೇ ಪ್ಯಾಂಟ್ ಅಂಗಡೀಲಿ."

"... ಹಾಂ, ನಿಜ. ಅರೆಹೊಟ್ಟೇಲಿಟ್ರೆ ಹೆಚ್ಚು ದಿನ ಬದುಕೋ ಯೀಸ್ಟು, ನೊಣ, ಇಲಿ, ಮೂರನ್ನೂ ಹಸಿವಲ್ಲಿಟ್ಟು, ಯಾವ ಜೀನು ಎದ್ದು ಕೆಲಸ ಮಾಡ್ತಿದೆ, ಯಾವುದು ಮಲಗಿದೆ ಅಂತ ಸಾವಿರಾರು ಜೀನುಗಳನ್ನ ಒಟ್ಟಿಗೇ ನೋಡಿದ್ದು ನಾವೇ. ಟ್ರಾನ್ಸ್‌ಕ್ರಿಪ್ಟೋಮ್ ಅಂದ್ರೆ ಆ ಲೆಕ್ಕಾನೇ. ಮೂರರಲ್ಲೂ ಒಂದಿಷ್ಟು ಜೀನು ಒಂದೇ ಥರ ಎದ್ದವು. ಬರ್ದಿದ್ದು ಅಷ್ಟೇ. ಮುಪ್ಪು ಓಡಿಹೋಗುತ್ತೆ ಅಂತ ಎಲ್ಲಿ ಬರ್ದಿದೀನಿ?"

"... ನಿನ್ನ ಪುಡೀನೂ ಆ ಜೀನುಗಳನ್ನ ಎಬ್ಬಿಸುತ್ತಾ? ಇಲಿಗೆ ತಿನ್ಸಿ ನೋಡಿದ್ರಾ? ಕಳ್ಸು, ಈಗ್ಲೇ ಕಳ್ಸು. ನಗೋದಕ್ಕೆ ಏನಾದ್ರೂ ಬೇಕಾಗಿತ್ತು."

ಪುಡಿ ತಿಂದ ಇಲಿಗಳ ಫಲಿತಾಂಶ ಅವಳ ಕಂಪ್ಯೂಟರಿಗೆ ಬಂತು. ಅವಳು ಅದನ್ನು ತನ್ನ ಮಾಹಿತಿಯ ಪಕ್ಕಕ್ಕಿಟ್ಟಳು. ಹೊಂದಲಿಲ್ಲ. ಪಕ್ಕದ ಮೇಜಿನವರು ವಿಷ ಕೊಟ್ಟು ನೋಡಿದ್ದ ಮೀನು, ನೊಣ, ಇಲಿಗಳ ಮಾಹಿತಿಯ ಪಕ್ಕಕ್ಕಿಟ್ಟಳು. ಪರದೆಯ ಮೇಲೆ ಸಾಲಿಗೆ ಸಾಲು ಹೊಂದಿ ಕೆಂಪಾಯಿತು.

"... ಬೀಗಬೇಡ, ಇರು. ಎದ್ದಿರೋದು ಸುಳ್ಳಲ್ಲ. ಆದ್ರೆ ಇವು ಹಸಿವಿನ ಜೀನುಗಳಲ್ಲ ಕಣೋ. ಒಳಗೆ ವಿಷ ಬಿದ್ದಾಗ ಏಳೋವು. ಇಲಿಗೂ ಅಷ್ಟೇ, ಮೀನಿಗೂ ಅಷ್ಟೇ, ನೊಣಕ್ಕೂ ಅಷ್ಟೇ. ಮನೆಗೆ ಬೆಂಕಿ ಬಿದ್ರೆ ಮಲಗಿದ್ದವರೆಲ್ಲ ಎದ್ದು ಕೂರ್ತಾರೆ. ಅದನ್ನ ಚೈತನ್ಯ ಅಂತ ಮಾರ್ತೀಯಾ?"

"... ಮನುಷ್ಯರು ಬೇರೆನಾ? ಹೌದಪ್ಪಾ, ನೀನೊಬ್ಬ ಆಕಾಶದಿಂದ ಉದುರಿದವನು. ಆ ಇಲಿಗಳ ಲಿವರ್ ಕೆಡ್ತಾ ಇದೆ. ಅಂಗಡಿಗಳಿಂದ ವಾಪಸ್ ತರ್ಸು."

"... ಯಾರಿಗೆ ಏನೂ ಆಗಿಲ್ಲ?... ಮನೇಲೇ ಕುಡೀತಿದಾರಾ? ಯಾರು?... ಅಮ್ಮನಾ?"

ಅವಳು ಕುರ್ಚಿಯಿಂದ ಎದ್ದಳು.

"... ಯಾವಾಗಿಂದ?... ಊಟ ಸೇರುತ್ತಾ?... ಸುಸ್ತು ವಯಸ್ಸಿಂದ ಬಂದಿದ್ದು ಅಂತ ಯಾರು ಹೇಳಿದ್ದು, ನೀನಾ? ದೊಡ್ಡ ಡಾಕ್ಟರು. ಅವಳನ್ನ ಕಿಟಕಿ ಹತ್ರ ಕೂರ್ಸಿ ಕಣ್ಣು ನೋಡು. ಬಿಳೀ ಭಾಗ. ಫೋನ್ ಇಡಬೇಡ."

ಫೋನಿನೊಳಗೆ ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಕುರ್ಚಿ ಎಳೆದ ಸದ್ದು.

"... ಹಾಂ?... ಯಾವ ಬಣ್ಣ?... ಸರಿಯಾಗಿ ಹೇಳೋ... ಹಳದಿನಾ?... ಕಾರ್ ತೆಗಿ. ಆಸ್ಪತ್ರೆಗೆ ಬಾ, ನಾನೂ ಅಲ್ಲಿಗೇ ಬರ್ತೀನಿ. ಡಬ್ಬಿ ತಗೊಂಡ್ಬಾ, ಡಾಕ್ಟರಿಗೆ ತೋರ್ಸಕ್ಕೆ... ಹೆಸರು ಕೆಡುತ್ತಾ? ಕೆಡಕ್ಕೆ ನಿನ್ಹತ್ರ ಯಾವ ಹೆಸರಿದೆಯೋ? ಅಮ್ಮಂಗೆ ಕೊಡು ಫೋನು."

"... ಅಮ್ಮಾ. ಹಾಂ, ನಾನೇ... ಗಾಬರಿ ಏನಿಲ್ಲ, ಸುಮ್ನೆ ತೋರ್ಸ್ಕೊಂಡು ಬರೋಣ... ಗೊತ್ತಮ್ಮಾ, ಮಗ ಮಾಡಿದ್ದು... ಒಂದು ಹೊತ್ತೂ ತಪ್ಸಿಲ್ವಾ?... ಸುಸ್ತಾದ ದಿನ ಎರಡು ಚಮಚ ಹಾಕ್ಕೊಂಡ್ಯಾ?... ಅಮ್ಮಾ... ಯಾಕೆ ಮಾತು ತೊದಲ್ತಿದೆ?... ಹಲೋ?... ಹಲೋ..."