ಹಾಲು ಕೊಟ್ಟ ಇಂಜಿನ್

ನೋಡಿ, ಹೊಳೆ ಹೋಗಿ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲಿ ಒಂದು ಊರು. ಹೆಸರು ಬೇಡ. ಹೇಳಿದರೆ ಇಲ್ಲಿ ಕೂತವರಲ್ಲಿ ಮೂರು ಜನ ಎದ್ದು ಹೋಗುತ್ತಾರೆ, ಪ್ರಸಾದಕ್ಕೂ ನಿಲ್ಲುವುದಿಲ್ಲ. ಆ ಊರಿಗೆ ಒಬ್ಬ ಸಾಹುಕಾರ. ಎಂಥಾ ಸಾಹುಕಾರ? ಅವನ ಮನೆಯ ಬೆಕ್ಕಿಗೆ ಬಡವರು ತಿನ್ನುವ ಬೈಗೆ ಮೀನು ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಅದಕ್ಕೆ ದುಬಾರಿ ಅಂಜಲ್ ಮೀನೇ ಆಗಬೇಕು, ಅದೂ ಮುಳ್ಳು ತೆಗೆದು ಕೊಡಬೇಕು. ಅಂಥಾ ಸಾಹುಕಾರ.

ಅವನಿಗೊಂದು ದೋಣಿ. ದೋಣಿಯ ಹಿಂದೆ ತೂಗುಹಾಕಿದ ಇಂಜಿನ್, ತಲೆ ಮೇಲೆ, ಫ್ಯಾನು ನೀರಿನೊಳಗೆ, ನೀವೆಲ್ಲ ಕಂಡದ್ದೇ. ಅವನ ಅಪ್ಪ ತರಿಸಿದ್ದು, ಊರಿಗೆ ಮೊದಲು ಬಂದ ಇಂಜಿನ್ ಅದು. ಅದು ಬಂದ ದಿನ ಹುಟ್ಟಿದ ಮಕ್ಕಳಿಗೆ ಈಗ ಮೊಮ್ಮಕ್ಕಳು ಅಂತ ಜನ ಹೇಳುತ್ತಾರೆ. ನಾನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಆ ಊರಲ್ಲೊಂದು ಕಟ್ಟಳೆ. ಮಳೆಗಾಲ ಇಳಿದ ಮೇಲೆ ಸಮುದ್ರಪೂಜೆ. ದೋಣಿಗಳೆಲ್ಲ ಸಾಲಾಗಿ ಅಳಿವೆ ದಾಟಿ ಹೋಗಿ ಸಮುದ್ರರಾಜನಿಗೆ ಹಾಲು ಎರೆದು ಕಾಯಿ ಬಿಡಬೇಕು. ಎಲ್ಲರಿಗಿಂತ ಮುಂದಿನ ದೋಣಿ ಈ ಸಾಹುಕಾರನದ್ದು, ಹಾಲಿನ ಕೊಡ ಅವನ ತೊಡೆಯ ಮೇಲೆ. ಅವನ ಅಪ್ಪನ ಕಾಲದಿಂದಲೂ ಹಾಗೆಯೇ. ಆದರೆ ಮುಂದಿನ ದೋಣಿ ನಡುವೆ ಕೆಟ್ಟು ನಿಂತು ಬೇರೆಯವರ ಹಗ್ಗ ಹಿಡಿಯಿತೋ, ಮುಗಿಯಿತು. ಆ ದೋಣಿ ಮತ್ತೆ ಯಾವತ್ತೂ ಮುಂದೆ ಹೋಗುವ ಹಾಗಿಲ್ಲ. ಸಾಹುಕಾರನಿಗೆ ಹೊಟ್ಟೆಗೆ ಕಡಿಮೆಯಾದರೂ ಆಗಬಹುದು, ಆ ಮುಂದಿನ ಜಾಗ ಕಡಿಮೆಯಾಗಬಾರದು. ಅವನು ಬದುಕಿದ್ದೇ ಆ ಒಂದು ದಿನಕ್ಕಾಗಿ.

ಈಗ ಅವನ ಇಂಜಿನ್ ಸೋರಲಿಕ್ಕೆ ಶುರುವಾಯಿತು.

ಇಂಜಿನ್ನಿನ ಬುಡದಲ್ಲಿ, ಫ್ಯಾನಿನ ಹತ್ತಿರ, ಗೇರಿನ ಪೆಟ್ಟಿಗೆ ಇರುತ್ತದಲ್ಲ, ಅದರಿಂದ ಎಣ್ಣೆ ತೊಟತೊಟ ಇಳಿಯುತ್ತಿತ್ತು. ದೋಣಿ ಹೋದ ದಾರಿಯಲ್ಲೆಲ್ಲ ನೀರಿನ ಮೇಲೆ ಕಾಮನಬಿಲ್ಲು. ಆ ಹೊಳೆಯ ಮೀನನ್ನು ಹುರಿಯಲಿಕ್ಕೆ ಬೇರೆ ಎಣ್ಣೆ ಬೇಡ, ಕಾವಲಿ ಮೇಲೆ ಇಟ್ಟರೆ ಸಾಕು, ತಾನೇ ಹುರಿದುಕೊಳ್ಳುತ್ತದೆ ಅಂತ ಹೆಂಗಸರು ಆಡಿಕೊಂಡರು. ಸಾಹುಕಾರ ಏನಂದ ಗೊತ್ತೇ?

“ಸೋರುದಲ್ಲ ಅದ್. ಬೆವರು. ದುಡಿಯು ಇಂಜಿನ್ ಬೆವರ್ದೆ ಮತ್ತೆಂತ ಮಾಡುದ್?”

ಬೆವರನ್ನು ಏನು ಮಾಡುತ್ತೇವೆ? ಒರೆಸುತ್ತೇವೆ. ಅವನೂ ಒರೆಸಿದ. ಬೆಳಿಗ್ಗೆ ಒರೆಸಿದ, ಸಂಜೆ ಒರೆಸಿದ. ಒರೆಸಿ ಒರೆಸಿ ಮನೆಯಲ್ಲಿದ್ದ ಹಳೇ ಪಂಚೆ ಮುಗಿದವು, ಹೊಸ ಪಂಚೆ ಹಳೇದಾದವು. ಆಮೇಲೆ ಸಂದಿಗೆ ಬಾರ್ ಸೋಪು ಮೆತ್ತಿದ. ಇಂಜಿನ್ ಓಡಿದಾಗ ನೊರೆ ಎದ್ದು, ದೋಣಿ ತಲೆಗೆ ಸ್ನಾನ ಮಾಡಿಕೊಂಡು ಬಂದ ಹಾಗೆ ಕಂಡಿತು. ಆಮೇಲೆ ಪೇಂಟು ಬಳಿದ. ಪೇಂಟಿನ ಅಡಿಯಿಂದ ಎಣ್ಣೆ ಇಳಿಯಿತು. ಪೇಂಟಿನ ಮೇಲೆ ಮತ್ತೆ ಪೇಂಟು. ಫ್ಯಾನು ಬಿಚ್ಚಿ ಹಿಂದೆ ಏನಿದೆ ಅಂತ ನೋಡಿದನೇ? ನೋಡಲಿಲ್ಲ. ನೋಡುವವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ, ಹೇಳಿ.

ಇನ್ನೊಂದು ಕೆಲಸ ಮಾಡುತ್ತಿದ್ದ. ಆ ಪೆಟ್ಟಿಗೆಗೆ ಕೆಳಗೊಂದು ಸ್ಕ್ರೂ, ಮೇಲೊಂದು ಸ್ಕ್ರೂ ಇರುತ್ತದೆ. ಇವನು ಕೆಳಗಿನದಕ್ಕೆ ಕೈ ಹಾಕುತ್ತಿರಲಿಲ್ಲ, ಬಗ್ಗಬೇಕಲ್ಲ. ಮೇಲಿನದನ್ನು ತೆಗೆದು ಅಲ್ಲಿಂದಲೇ ಎಣ್ಣೆ ಬಿಡುತ್ತಿದ್ದ. ನಾಲ್ಕು ಚಮಚ ಹೋಗುವುದರೊಳಗೆ ತುಳುಕುತ್ತಿತ್ತು. “ತುಂಬಿತು” ಅಂತ ಸ್ಕ್ರೂ ಬಿಗಿದು, ಮತ್ತೆ ಒರೆಸಿ, ಎದೆ ಸೆಟೆಸಿ ಹೊರಡುತ್ತಿದ್ದ.

ಪೂಜೆಯ ಹಿಂದಿನ ದಿನ ಇಂಜಿನ್ ಒಂಥರಾ ಗೊರಗೊರ ಅನ್ನಲಿಕ್ಕೆ ಹತ್ತಿತು. ಸಾಹುಕಾರ ಇಂಜಿನ್ ರಿಪೇರಿಯ ಮೇಸ್ತ್ರಿಯನ್ನು ಕರೆಸಿದ. ಆ ಮೇಸ್ತ್ರಿಯ ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ಅವನಿಗೆ ಹಲ್ಲು ಇದೆಯೋ ಇಲ್ಲವೋ ಅಂತ ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಲಿಲ್ಲ. ಅವನು ಕೂತು, ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಅಂಗೈಗೆ ನಾಲ್ಕು ಹನಿ ಇಳಿಸಿಕೊಂಡ. ಎಣ್ಣೆ ಬೆಳ್ಳಗೆ, ಗಟ್ಟಿಯಾಗಿ, ಒಳ್ಳೆ ಎಮ್ಮೆ ಹಾಲಿನ ಹಾಗೆ ಇತ್ತು. ಮೇಸ್ತ್ರಿ ತಲೆ ಅಲ್ಲಾಡಿಸಿದ. ಹೇಳಬೇಕಾದದ್ದು ‘ಹಾಳಾಯ್ತ್’ ಅಂತ. ಬಾಯಿ ತುಂಬ ಎಲೆ, ನಾಲಿಗೆ ಮೇಲಕ್ಕೆ ಏಳಬೇಕೇ?

“ಸಾಹುಕಾರ್ರೆ, ಇದ್ ಪೂರಾ ಹಾಲಾಯ್ತ್ ಕಾಣಿ.”

“ಹಾಲಾ?” ಅಂದ ಸಾಹುಕಾರ.

“ಹ್ಞೂಂ. ಹಾಲು,” ಅಂದ ಮೇಸ್ತ್ರಿ, ಉಗಿದು ಬರುತ್ತೇನೆ ಅಂತ ಕೈಸನ್ನೆ ಮಾಡಿ ತೆಂಗಿನ ಬುಡಕ್ಕೆ ಹೋದ.

ನೋಡಿ, ಒಬ್ಬ ಮನುಷ್ಯ ಎಲೆ ಉಗಿದು ಬರಲಿಕ್ಕೆ ಎಷ್ಟು ಹೊತ್ತು ಬೇಕು? ಹತ್ತು ಎಣಿಸುವಷ್ಟು. ಅಷ್ಟು ಹೊತ್ತು ಸಾಹುಕಾರ ಕಾಯಲಿಲ್ಲ. ತನಗೆ ಸಿಹಿಯಾದ ಮಾತು ಕಿವಿಗೆ ಬಿದ್ದ ಮೇಲೆ ಯಾರು ಕಾಯುತ್ತಾರೆ? ಅವನಿಗೆ ಕಣ್ಣಲ್ಲಿ ನೀರೇ ಬಂತು. ನಾಳೆ ಸಮುದ್ರಪೂಜೆ, ಇವತ್ತು ಅಪ್ಪನ ಇಂಜಿನ್ ಹಾಲು ಕೊಟ್ಟಿದೆ. ಸಮುದ್ರರಾಜ ಬೇರೆ ಇನ್ನು ಹೇಗೆ ಹೇಳಬೇಕು, ಕಾಗದ ಬರೆಯಬೇಕೇ?

ಮೇಸ್ತ್ರಿ ಬಾಯಿ ತೊಳೆದು ಬರುವಷ್ಟರಲ್ಲಿ ದಡದ ಮರಳಲ್ಲಿ, ಹೊಯ್ಗೆ ಮೇಲೆ, ಇಪ್ಪತ್ತು ಜನ. ಇಂಜಿನ್ನಿಗೆ ಕುಂಕುಮ, ಮಲ್ಲಿಗೆ ಮಾಲೆ. ಸಾಹುಕಾರ ಎಂತ ಹೇಳಿದರೂ ಹೌದು ಅನ್ನುವ ಒಬ್ಬ ಎಲ್ಲ ಊರಲ್ಲೂ ಇರುತ್ತಾನಲ್ಲ, ಅವನು ಒಂದು ಚಮಚ ತೀರ್ಥ ಅಂತ ನಾಲಿಗೆಗೆ ಮುಟ್ಟಿಸಿಕೊಂಡು, “ಸ್ವಲ್ಪ ಸೀಮೆಎಣ್ಣೆ ವಾಸ್ನೆ ಇತ್ತ್, ಆರೆ ಹಾಲೇ” ಅಂದ. ಸಂಜೆಯೊಳಗೆ ಅವನು ಏಳು ಸಲ ಚೊಂಬು ಹಿಡಿದು ಗುಡ್ಡೆಗೆ ಹೋಗಿ ಬಂದ. ಬರುತ್ತಾ ಬರುತ್ತಾ, ದೇಹ ಶುದ್ಧವಾಗುತ್ತಾ ಇದೆ ಅಂದ.

ಮೇಸ್ತ್ರಿ ಜನರ ನಡುವೆ ನುಗ್ಗಿ ಬಂದ.

“ಹಾಲಲ್ಲ ಸಾಹುಕಾರ್ರೆ, ಹಾಳು. ಹಾಳಾಯ್ತ್ ಅಂದದ್ ನಾನ್. ಬಾಯಂಗೆ ಎಲೆ ಇತ್ತಲೆ.”

“ಉಗ್ದ್ ಬಂದ್ ಮಾತ್ ತಿರ್ಸ್ತ್ಯಾ?”

“ತಿರ್ಸುದೆಂತಕೆ? ಫ್ಯಾನ್ ಬಿಚ್ಚಿ ಕಾಂಬ. ಬುಡಕ್ಕೆ ಬಲೆ ನೂಲ್ ಸುತ್ಕಂಡ್ ಎಣ್ಣೆ ತಡಿಯು ಆಯಿಲ್ ಸೀಲ್ ಕೊಯ್ದ್ ಹಾಕಿತ್ತ್. ಎಣ್ಣೆ ಹೊರ್ಗ್ ಹೋಪ ದಾರಿಯಂಗೇ ನೀರ್ ಒಳ್ಗ್ ಬತ್ತ್. ದೋಣಿ ಮೇಲ್ ಎಳ್ಸಿ, ಎರಡ್ ಗಂಟೆ ಕೆಲ್ಸ.”

“ಬಲೆ ನೂಲಾ? ಯಾವನ್ ಹರ್ಕ್ ಬಲೆಯೋ. ಊರವ್ರಿಗೆ ಹೊಳೆ ಅಂದ್ರೆ ಕಸದ ಗುಂಡಿ. ನನ್ ಹೆಸ್ರ್ ಹಾಳ್ ಮಾಡುಕೇ ಬಿಸಾಕ್ತ್ರ್.”

“ಯಾರದ್ದಾರೂ ಆಯ್ಲಿ, ತೆಗುವ.”

ಸಾಹುಕಾರ ದನಿ ತಗ್ಗಿಸಿದ. “ನಾಳೆ ಪೂಜೆ ಮಾರಾಯ. ಇವತ್ ನನ್ ಇಂಜಿನ್ ಬಿಚ್ಚಿ ಹೊಯ್ಗೆ ಮೇಲ್ ಮಲ್ಗ್ಸಿರೆ ಊರವ್ರ್ ಎಂತ ಹೇಳುವ್ರ್?”

“ಇಂಜಿನ್ ಕೆಟ್ಟಿತ್ತ್ ಅಂತ ಹೇಳುವ್ರ್.”

“ಮತ್ತೆ?”

“ಕೆಟ್ಟಿತ್ತಲೆ.”

ಮೇಸ್ತ್ರಿಯನ್ನು ಕಳಿಸಿಬಿಟ್ಟ. ಊಟಕ್ಕೆ ಕೂತಾಗ ಹೆಂಡತಿ ಗುಲಾಬಿ, ಸಾರು ಬಡಿಸುತ್ತಾ, ಹೇಳಿದಳು, “ಕಾಣಿ, ಎಣ್ಣಿಗೆ ನೀರ್ ಸೇರ್ರೆ ಬೆಳ್ಳಗ್ ಆತ್ತ್. ಪಾತ್ರೆ ತೊಳ್ದವ್ರಿಗ್ ಗೊತ್ತಿತ್ತ್.”

“ನೀ ಇಂಜಿನ್ ಕಲ್ತದ್ ಯಾವ್ ಶಾಲಿಯಂಗೆ?”

“ನೀವ್ ಕಲ್ತ್ ಶಾಲಿಯಂಗೇ. ನಾನೂ ಒಳ್ಗ್ ಹೋಯ್ಲಿಲ್ಲೆ.”

ಸಾಹುಕಾರ ಸಾರು ಉಪ್ಪಾಗಿದೆ ಅಂದು ಎದ್ದ. ಸಾರು ಉಪ್ಪಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಕೈ ತೊಳೆಯುವಾಗ, ಇಂಜಿನ್ನಿಗೆ ಕುಂಕುಮ ಹಚ್ಚುವಾಗ ಬೆರಳಿಗೆ ಅಂಟಿದ್ದ ಆ ಬಿಳಿ ಎಣ್ಣೆಯನ್ನು ನೋಡಿದ. ನೀರು ಬಿದ್ದ ಹಾಗೆ ಅದು ಇನ್ನೂ ಬೆಳ್ಳಗಾಯಿತು. ನೋಡಿದ, ಪಂಚೆಗೆ ಒರೆಸಿಕೊಂಡ.

ಮರುದಿನ ಪೂಜೆ. ಸಾಹುಕಾರನ ದೋಣಿಯಲ್ಲಿ ಎಂಟು ಜನ, ಭಟ್ಟರ ಸಮೇತ. ಹಿಂದೆ ಮೂವತ್ತು ದೋಣಿ. ತೊಡೆಯ ಮೇಲೆ ಹಾಲಿನ ಕೊಡ. ಮಾಲೆ ಹಾಕಿಕೊಂಡ ಇಂಜಿನ್, ಮದುಮಗನ ಹಾಗೆ. ಹೊಳೆಯಲ್ಲಿ ಚೆನ್ನಾಗಿಯೇ ಹೋಯಿತು. ಅಳಿವೆಯ ಬಾಯಿಗೆ ಬಂತು. ಅಳಿವೆ ಗೊತ್ತಲ್ಲ ನಿಮಗೆ, ಅಲ್ಲಿ ತೆರೆ ಒಂದು ಕಡೆಯಿಂದ ಬರುವುದಿಲ್ಲ, ನಾಲ್ಕೂ ಕಡೆಯಿಂದ ಬರುತ್ತದೆ. ಅಲ್ಲಿ ನಿಲ್ಲುವ ಹಾಗಿಲ್ಲ, ನಿಂತ ದೋಣಿ ಮಗುಚುತ್ತದೆ.

ಅಲ್ಲೇ ಗೇರು ಕಟಕಟ ಅಂದಿತು. ಕಡಕ್ ಅಂದಿತು. ಇಂಜಿನ್ ತಲೆ ಕೂಗುತ್ತಿದೆ, ಫ್ಯಾನು ತಿರುಗುವುದಿಲ್ಲ.

ಮೊದಲ ತೆರೆಗೆ ದೋಣಿ ಅಡ್ಡ ತಿರುಗಿತು. ಎರಡನೆಯದಕ್ಕೆ ನೀರು ಒಳಗೆ ಬಂತು. ನಿನ್ನೆ ತೀರ್ಥ ಕುಡಿದವನು ದೋಣಿಯ ಅಂಚು ಹಿಡಿದು ಇದ್ದ ದೇವರ ಹೆಸರೆಲ್ಲ ಹೇಳಿ ಮುಗಿಸಿ, ಇಲ್ಲದ ದೇವರ ಹೆಸರು ಶುರು ಮಾಡಿದ. ಭಟ್ಟರು ನೀರು ಮೊಗೆಯಲಿಕ್ಕೆ ಆರತಿ ತಟ್ಟೆ ತೆಗೆದುಕೊಂಡರು. ಆಗ ಒಂದು ಸಣ್ಣ ದೋಣಿ ತೆರೆ ಸೀಳಿಕೊಂಡು ಬಂತು. ಅದರಲ್ಲಿ ಮೇಸ್ತ್ರಿ. ಅವತ್ತು ಅವನ ಬಾಯಲ್ಲಿ ಎಲೆ ಇರಲಿಲ್ಲ.

“ಸಾಹುಕಾರ್ರೆ, ಹಗ್ಗ ಹಿಡ್ಕಣಿ.”

ಹಗ್ಗ ಬಂದು ಸಾಹುಕಾರನ ಕಾಲ ಬಳಿ ಬಿತ್ತು. ಅವನು ಅದನ್ನು ನೋಡಿದ, ಹಾವನ್ನು ನೋಡಿದ ಹಾಗೆ. ಅದನ್ನು ಮುಟ್ಟಿದರೆ ಅಪ್ಪನ ಕಾಲದ ಜಾಗ ಹೋಯಿತು. ಹಿಂದೆ ಮೂವತ್ತು ದೋಣಿಯಿಂದ ಊರಿಗೆ ಊರೇ ನೋಡುತ್ತಿದೆ. ಮೇಸ್ತ್ರಿ ಮತ್ತೆ ಹೇಳಿದ, ಒಂದೊಂದೇ ಅಕ್ಷರ ಬಿಡಿಸಿ, “ಹಿಡ್ಕಣಿ. ಎಂಟ್ ಜನ ಇದ್ದೀರಿ.”

ಮೂರನೆಯ ತೆರೆ ಹೊಡೆಯಿತು. ಹಾಲಿನ ಕೊಡ ಉರುಳಿ, ಹಾಲು ದೋಣಿಯೊಳಗಿದ್ದ ನೀರಿಗೆ ಚೆಲ್ಲಿತು. ಆ ನೀರು ಬೆಳ್ಳಗಾಗಿ, ಇಂಜಿನ್ನಿನ ಎಣ್ಣೆಯೂ ಸೇರಿ, ಅವನ ಪಾದದ ಸುತ್ತ ತಿರುಗಿತು. ನಿನ್ನೆ ಬೆರಳಲ್ಲಿ ಕಂಡದ್ದೇ ಬಣ್ಣ. ಇವತ್ತು ಮೊಣಕಾಲಿನವರೆಗೆ. ಇನ್ನು ಯಾವ ಪಂಚೆಗೆ ಒರೆಸುತ್ತಾನೆ?

ಸಾಹುಕಾರ ಬಗ್ಗಿದ. ನೋಡಿ, ಅಷ್ಟು ವರ್ಷದಲ್ಲಿ ಮೊದಲ ಸಲ ಬಗ್ಗಿದ. ಹಗ್ಗ ಎತ್ತಿ, ದೋಣಿಯ ಮೂತಿಯ ಗೂಟಕ್ಕೆ ತನ್ನ ಕೈಯಾರೆ ಕಟ್ಟಿದ.

ದಡಕ್ಕೆ ಬಂದ ಮೇಲೆ ಮೇಸ್ತ್ರಿ ಇಂಜಿನ್ನನ್ನು ಎಲ್ಲರೆದುರು ಹೊಯ್ಗೆ ಮೇಲೆ ಮಲಗಿಸಿ, ಸ್ಪಾನರನ್ನು ಸಾಹುಕಾರನ ಕೈಗೇ ಕೊಟ್ಟ. ಸಾಹುಕಾರ ಫ್ಯಾನು ಎಳೆದ. ಹಿಂದೆ ನೂಲು, ತುರುಬಿನ ಹಾಗೆ ಸುತ್ತಿಕೊಂಡು ಸೀಲಿನೊಳಗೆ ಕೊರೆದುಕೊಂಡು ಕೂತಿತ್ತು. ಯಾವ ಬಣ್ಣ? ಹಳದಿ. ಇಡೀ ಊರಿನ ಬಲೆ ನೀಲಿ ನೂಲಿನದ್ದು. ಹಳದಿ ನೂಲಿನ ಬಲೆ ಒಬ್ಬನಿಗೇ ಇತ್ತು. ದೂರದಿಂದಲೇ ಗುರುತು ಸಿಕ್ಕಿ ಜನ ದಾರಿ ಬಿಡಲಿ ಅಂತ ಸಾಹುಕಾರನೇ ಹಟ ಹಿಡಿದು ತರಿಸಿದ್ದು.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಮೇಸ್ತ್ರಿ ಗೇರಿನ ಮುರಿದ ಹಲ್ಲು ತೆಗೆದು ಬೇರೆ ಗೇರು ಕೂರಿಸಿದ, ಹಳೇ ಸೀಲು ಕಿತ್ತು ಹೊಸದಕ್ಕೆ ಗ್ರೀಸು ಸವರಿ ಮೆಲ್ಲಗೆ ತಟ್ಟಿ ಕೂರಿಸಿದ, ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿದ. ಆಮೇಲೆ ಎಣ್ಣೆ. ಸಾಹುಕಾರ ಅಭ್ಯಾಸದಂತೆ ಮೇಲಿನ ತೂತಿಗೆ ಕೈ ಹಾಕಿದ.

“ಅಲ್ಲಿ ಅಲ್ಲ, ಕೆಳ್ಗಿಂದ,” ಅಂದ ಮೇಸ್ತ್ರಿ. “ಮೇಲಿನ್ ಸ್ಕ್ರೂ ಬರೀ ತೆಗ್ದ್ ಇಡುದ್. ಒಳ್ಗಿನ್ ಗಾಳಿ ಹೋಯ್ಕಲೆ. ಗಾಳಿ ಹೋಗ್ದೆ ಎಣ್ಣೆ ಏರುದಿಲ್ಲೆ.”

ಕೆಳಗಿನಿಂದ ಎಣ್ಣೆ ಒತ್ತಿದರು. ಮೇಲಿನ ತೂತಿನಿಂದ ಗಾಳಿ ಬುಸುಬುಸು ಅಂತ ಹೊರಟಿತು. ಹೊರಟಿತು ಹೊರಟಿತು, ಅರ್ಧ ಗಂಟೆ ಹೊರಟಿತು ಅಂತ ಜನ ಹೇಳುತ್ತಾರೆ. ಎದುರಿಗೆ ನಿಂತವನ ಟೋಪಿ ಹಾರಿತಂತೆ. ಸಾಹುಕಾರ ಮೆಲ್ಲಗೆ ಕೇಳಿದ, “ಹಂಗಾರೆ ಇಷ್ಟ್ ವರ್ಷ ನಾನ್ ತುಂಬಿತ್ತ್ ಅಂದದ್ದ್?”

“ಗಾಳಿ ಸಾಹುಕಾರ್ರೆ.”

ಮರುವರ್ಷದ ಪೂಜೆಗೆ ಅವನ ದೋಣಿ ಎಲ್ಲರಿಗಿಂತ ಹಿಂದೆ, ಒಂದು ಸುತ್ತು ಹಗ್ಗ ಇಟ್ಟುಕೊಂಡು. ಯಾರ ಇಂಜಿನ್ ನಿಂತರೂ ಅವನೇ ಎಳೆದ. ಒಳ್ಳೆಯದಾಯಿತು ಅಂದುಕೊಂಡಿರಾ? ತಾಳಿ. ಅದರ ಮರುವರ್ಷ ಅವನು ಹೇಳಿಕೊಂಡು ತಿರುಗಿದ, “ಮುಂದೆ ಹೋಪುದ್ ಯಾರಿಗೂ ಆತ್ತ್. ಹಿಂದಿನ್ ದೋಣಿಯಂಗೆ ಕೂಕಂಬುಕೆ ಯೋಗ್ಯತೆ ಬೇಕ್.” ಗುಲಾಬಿ ಸ್ಕ್ರೂಡ್ರೈವರ್ ತಂದು ಅವನ ಊಟದ ಎಲೆಯ ಪಕ್ಕ ಇಟ್ಟಳು.

ಈಗ ಕಥೆ ಬಿಡಿ, ನಮ್ಮ ವಿಷಯಕ್ಕೆ ಬನ್ನಿ. ಸಾಹುಕಾರನನ್ನು ಕಂಡು ನಕ್ಕಿರಲ್ಲ, ಸ್ವಲ್ಪ ಮೇಲೆ ನೋಡಿ. ಈ ಭಜನಾ ಮಂದಿರದ ಮಾಡು ನಾಲ್ಕು ವರ್ಷದಿಂದ ಸೋರುತ್ತಿದೆ. ನಾವೇನು ಮಾಡಿದೆವು? ಕೆಳಗೊಂದು ಬಕೆಟ್ ಇಟ್ಟೆವು. ಬಕೆಟ್ಟಿನ ಮೇಲೆ ದಾನಿಗಳ ಹೆಸರು ಬರೆಸಿದೆವು. ಹೋದ ವರ್ಷ ಬಕೆಟ್ಟಿಗೆ ಪೇಂಟು ಹೊಡೆಸಿದೆವು. ಹಂಚು ಯಾರಾದರೂ ಸರಿಸಿ ನೋಡಿದಿರಾ? ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ಬಕೆಟ್ ಕಾಣುತ್ತದೆ. ಮೇಲೆ ನೋಡಿ.

ಮನೆಯಲ್ಲೂ ಅಷ್ಟೇ. ಬಾಯಿಂದ ಕೆಟ್ಟ ಮಾತು ಸೋರುತ್ತದೆ, ಸಿಟ್ಟು ಸೋರುತ್ತದೆ, ದುಡಿದು ಸುಸ್ತಾಗಿದೆ, ಬೆವರು ಅನ್ನುತ್ತೇವೆ. ಒರೆಸುತ್ತೇವೆ. ಹೊರಗೆ ಹೋದದ್ದೇ ಲೆಕ್ಕ, ಅದೇ ದಾರಿಯಲ್ಲಿ ಒಳಗೆ ಏನು ಬಂತು ಅಂತ ನೋಡುವುದಿಲ್ಲ. ಹಾಗಾಗಿ ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ನಿಮ್ಮ ತಪ್ಪು ಹೇಳಲಿಕ್ಕೆ ಯಾರಾದರೂ ಬಾಯಿ ತೆರೆದರೆ, ಅರ್ಧ ಕೇಳಿ ಓಡಬೇಡಿ. ಅವರು ಎಲೆ ಉಗಿದು ಬರುವವರೆಗೆ ಕಾಯಿರಿ. ಪಾತ್ರೆ ತೊಳೆಯುವವಳು ಹೇಳಿದರೆ ಸಾರಿಗೆ ಉಪ್ಪು ಜಾಸ್ತಿ ಅನ್ನಬೇಡಿ. ಸಿಕ್ಕಿಕೊಂಡ ನೂಲು ಯಾರದ್ದು ಅಂತ ಊರಿಗೆಲ್ಲ ಬೈಯುವ ಮುಂಚೆ ಅದರ ಬಣ್ಣ ನೋಡಿ.

ಇಲ್ಲಿಗೆ ಬಂದು ಒಳ್ಳೆಯ ಮಾತು ತುಂಬಿಕೊಂಡು ಹೋಗುತ್ತೀರಿ, ಸಂತೋಷ. ನಾಲ್ಕು ಚಮಚಕ್ಕೇ ತುಂಬಿತು ಅನಿಸಿದರೆ ಮಾತ್ರ ಹೆದರಿಕೊಳ್ಳಿ. ಒಳಗೆ ಇರುವುದು ಏನು ಅಂತ ಸಾಹುಕಾರನಿಗೆ ಮೇಸ್ತ್ರಿ ಹೇಳಿದ್ದಾನೆ. ಕೆಳಗಿನಿಂದ ತುಂಬಿ, ಬಗ್ಗಿ ತುಂಬಿ. ಮತ್ತೆ ಆ ಮೇಲಿನ ಸ್ಕ್ರೂ ಒಂದು ಸಲ ತೆಗೆದರೆ ಸಾಲದು, ಮಳೆಗಾಲಕ್ಕೊಮ್ಮೆ ತೆಗೆಯಲೇಬೇಕು.

ಹ್ಞಾಂ, ಪ್ರಸಾದ ಆಮೇಲೆ. ಮೊದಲು ಒಬ್ಬರು ಏಣಿ ತನ್ನಿ.